ಸೆರ್ಜಿಗೆ ಓದಲು ಬರುವವರಿಗೆ

ಓದಿಗಾಗಿ ಫ್ರಾನ್ಸಿನಲ್ಲಿ ಪ್ಯಾರಿಸ್ ಬಳಿಯ ಸೆರ್ಜಿ-ಪೊಂತ್ವಾಜಿಗೆ ಹೊರಟಿರುವ ನೀವು ಎರಿಕ್ ರೋಮೆರ್ ಅವರ 1987ರ ಆ ಊರಿನಲ್ಲೇ ನಡೆಯುವ ‘ಲಾಮಿ ದ ಮೊನಾಮಿ’ (ನನ್ನ ಗೆಳತಿಯ ಗೆಳೆಯ) ಚಿತ್ರ ನೋಡಿ, ಊರು ಈಗಲೂ ಹಾಗೆಯೇ ಇದೆಯೇ, ಅದರ ನಾಯಕಿ ಬ್ಲಾಂಶ್‌ಗೆ ಗೆಳತಿ ಲೆಯಾ ಸಿಕ್ಕಷ್ಟು ಸಲೀಸಾಗಿ ಅಲ್ಲಿ ಸ್ನೇಹಿತರು ಸಿಗುತ್ತಾರೆಯೇ ಎಂದು ಕೇಳಿದ್ದೀರಿ.

ಊರು ಬಹುಮಟ್ಟಿಗೆ ಹಾಗೆಯೇ ಇದೆ. ಬ್ಲಾಂಶ್ ವಾಸಿಸುವ, ಕಂಬಗಳ ಸಾಲಿನ ಆ ಭವ್ಯ ಕಟ್ಟಡ ವಾಸ್ತುಶಿಲ್ಪಿ ರಿಕಾರ್ಡೊ ಬೊಫಿಲ್ ಅವರದು. ಅದರ ಮುಂದಿನಿಂದ ಶಿಲ್ಪಿ ದಾನಿ ಕರವಾನ್ ರೂಪಿಸಿದ 3 ಕಿಲೋಮೀಟರ್ ಉದ್ದದ ಆಕ್ಸ್ ಮಜೂರ್ ಹಾದಿ ವಾಜ್ ನದಿಯ ಕಡೆಗೆ ಇಳಿಯುತ್ತದೆ. ನಮ್ಮ ಊರಿನಿಂದ ಬಂದವರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ. ಆದರೆ ಚಿತ್ರದಲ್ಲಿರುವುದು ಬೇಸಿಗೆ ಮಾತ್ರ ಎಂಬುದು ನೆನಪಿರಲಿ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ. ಮನೆ ಬಾಡಿಗೆಗೆ ಜಾಮೀನು ಕೇಳುತ್ತಾರೆ, ಬಾಡಿಗೆಗೆ ಜಾಮೀನು ನಿಲ್ಲುವ, ಉಚಿತವಾಗಿ ಸಿಗುವ ವಿಸಾಲ್ (Visale) ಖಾತರಿಗೆ ಅರ್ಜಿ ಹಾಕಿ. ಪ್ಯಾರಿಸ್ಸಿಗೆ ಆರ್‌ಇಆರ್ ಎ ರೈಲು ಇದೆ.

ಸ್ನೇಹದ ವಿಷಯಕ್ಕೆ ಬರುತ್ತೇನೆ. ಆ ಇಬ್ಬರು ಹುಡುಗಿಯರ ಗೆಳೆತನ ಹೇಗೆ ಬೆಳೆಯಿತು ನೋಡಿ. ಊಟದ ಮೇಜಿನಲ್ಲಿ ಪರಿಚಯವಾದ ಲೆಯಾಗೆ ಈಜು ಬರುವುದಿಲ್ಲವೆಂದು ತಿಳಿದು ಬ್ಲಾಂಶ್ ತಾನು ಕಲಿಸುತ್ತೇನೆಂದಳು, ಲೆಯಾ ಒಪ್ಪಿಕೊಂಡಳು, ಅಷ್ಟೇ. ಅದೇ ಬ್ಲಾಂಶ್ ತಾನು ಮೆಚ್ಚಿದ ಅಲೆಕ್ಸಾಂದ್ರ್ ಎದುರು ಬಾಯಿ ಬಿಡಲಾರದೆ ನಿಂತು, ಮುಂದೆ ಲೆಯಾಳ ಗೆಳೆಯ ಫಾಬಿಯಾನ್ ಮೇಲಿನ ಒಲವನ್ನು ಗೆಳತಿಯಿಂದ ಮುಚ್ಚಿಟ್ಟು, ಪಡಬಾರದ ಸಂಕಟ ಪಡುತ್ತಾಳೆ. ಕೊನೆಯಲ್ಲಿ ಲೆಯಾ ಅಲೆಕ್ಸಾಂದ್ರ್ ಮೇಲಿನ ತನ್ನ ಪ್ರೀತಿಯ ವಿಷಯ ಎತ್ತಿದಾಗ, ಅವಳು ಫಾಬಿಯಾನ್ ಬಗ್ಗೆಯೇ ಹೇಳುತ್ತಿದ್ದಾಳೆಂದು ಭಾವಿಸಿ ಬ್ಲಾಂಶ್ ಅಳುವುದನ್ನು ನಾನು ನಗುತ್ತಾ ನೋಡಲಾರೆ.

ಏಕೆಂದರೆ ನಮ್ಮಲ್ಲಿ ಮನಸ್ಸಿನಲ್ಲಿರುವುದನ್ನು ಮುಖ ನೋಡಿ ಅರಿಯುವವರು ನಾಲ್ಕು ಜನ ಇರುತ್ತಾರೆ, ಇಲ್ಲಿ ಇರುವುದಿಲ್ಲ. ನಾನು ಬಂದ ಮೊದಲ ಚಳಿಗಾಲದಲ್ಲಿ ಮಹಡಿಯ ಮೇಲಿನ ಮನೆಯಾಕೆ, ನನ್ನ ವಯಸ್ಸಿನವರೇ, ಬಾಗಿಲು ತಟ್ಟಿ ಕ್ರಿಸ್‌ಮಸ್ ಊಟಕ್ಕೆ ಕರೆದರು. ನಿಮಗೇಕೆ ತೊಂದರೆ ಎಂದೆ. ಇನ್ನೆರಡು ಸಲ ಕರೆದರೆ ಹೋಗುವುದೆಂದು ಬೆಳೆದವಳು ನಾನು, ಅದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆಕೆ ನಸುನಕ್ಕು, ಸರಿ ಎಂದು ಹೊರಟುಹೋದರು. ಆ ರಾತ್ರಿ ಮೇಲಿನಿಂದ ಕುರ್ಚಿಗಳನ್ನು ಎಳೆಯುವ ಸದ್ದು, ಮಕ್ಕಳ ಓಡಾಟ ಕೇಳಿಸುತ್ತಿತ್ತು. ನಾನು ಅನ್ನ, ಸಾರು ಬಿಸಿ ಮಾಡಿಕೊಂಡು ಉಂಡೆ. ಆಕೆ ಮತ್ತೆಂದೂ ಕರೆಯಲಿಲ್ಲ. ಅದರಲ್ಲಿ ಸಿಟ್ಟೇನೂ ಇರಲಿಲ್ಲ, ನನ್ನ ಮಾತನ್ನು ಗೌರವಿಸಿದರು ಅಷ್ಟೇ. ಮುಂದೆ ಆ ಕುಟುಂಬ ಬೇರೆ ಊರಿಗೆ ಹೋಯಿತು. ನನಗೆ ಬೇಕಾದಷ್ಟು ಸ್ನೇಹಿತರು ಆಮೇಲೆ ಸಿಕ್ಕರೂ, ಆಕೆಯೊಡನೆ ಒಂದು ಸಂಜೆಯಾದರೂ ಕಳೆಯಬೇಕಿತ್ತು ಎಂಬ ಕೊರಗು ಇಂದಿಗೂ ಹೋಗಿಲ್ಲ.

ಆದ್ದರಿಂದ ಯಾರಾದರೂ ಕಾಫಿಗೆ ಕರೆದರೆ ಮೊದಲ ಸಲವೇ ಹೂಂ ಅನ್ನಿ. ನೀವಾಗಿಯೇ ಕರೆಯುವಾಗ ದಿನ, ಹೊತ್ತು ಎರಡನ್ನೂ ತಿಳಿಸಿ. ಹೇಳದೆ ಕೇಳದೆ ಯಾರ ಮನೆಗೂ ಹೋಗಬೇಡಿ. ಪ್ರೀತಿಯ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆ, ಆದರೆ ಇಷ್ಟವಿಲ್ಲದಿದ್ದರೆ ಸಂಕೋಚಕ್ಕೆ ಸುಮ್ಮನಿರದೆ ಸ್ಪಷ್ಟವಾಗಿ ಇಲ್ಲವೆನ್ನಿ. ಇದನ್ನು ಅಕ್ಕನ ಮಾತೆಂದೇ ತಿಳಿಯಿರಿ.

ಫ್ರೆಂಚ್ ಎಷ್ಟು ಬೇಕೆಂದೂ ಕೇಳಿದ್ದೀರಿ. ಪಾಠ ಇಂಗ್ಲಿಷಿನಲ್ಲೇ ನಡೆದರೂ ಬಿ1 (ಮಧ್ಯಮ) ಮಟ್ಟ ಮುಗಿಸಿಕೊಂಡು ಬನ್ನಿ. ಚಿತ್ರವನ್ನು ಇನ್ನೊಮ್ಮೆ ಫ್ರೆಂಚ್ ಅಡಿಬರಹ ಹಾಕಿಕೊಂಡು ನೋಡಿ; ಇಡೀ ಚಿತ್ರ ಮಾತಿನ ಮೇಲೆಯೇ ನಿಂತಿರುವುದರಿಂದ ಕಿವಿ ಚೆನ್ನಾಗಿ ಪಳಗುತ್ತದೆ.