ವೀಸಾ ಮುಗಿದ ಮಗಳು ಮದುವೆಗೆ ಬರಬಹುದೇ?

ಪ್ರಶ್ನೆ: ಮಗಳು ಅಮೆರಿಕದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಡಿಸೆಂಬರ್‌ನಲ್ಲಿ ಅಕ್ಕನ ಮದುವೆಗೆ ಬರಬೇಕೆಂದಿದ್ದಾಳೆ. ಆದರೆ ಪಾಸ್‌ಪೋರ್ಟ್‌ನಲ್ಲಿರುವ ಎಫ್-1 ವಿದ್ಯಾರ್ಥಿ ವೀಸಾ ಅವಧಿ ಮುಗಿದಿದೆ. ಮರಳಿ ಹೋಗಲು ತೊಂದರೆಯಾಗುವುದೇ?
– ಒಬ್ಬ ತಾಯಿ, ಹಾಸನ

ಉತ್ತರ: ವೀಸಾ ಎಂಬುದು ಆ ದೇಶದ ಬಾಗಿಲಿನಲ್ಲಿ ತೋರಿಸಬೇಕಾದ ಪತ್ರವೇ ಹೊರತು ಒಳಗೆ ಉಳಿಯಲು ನೀಡುವ ಅನುಮತಿಯಲ್ಲ, ಆದ್ದರಿಂದ ವಿದ್ಯಾರ್ಥಿನಿಯ ಸ್ಥಾನಮಾನವನ್ನು ಉಳಿಸಿಕೊಂಡಿರುವವರೆಗೆ ನಿಮ್ಮ ಮಗಳು ಅಲ್ಲಿರುವುದರಲ್ಲಿ ತಪ್ಪೇನಿಲ್ಲ. ಆದರೆ ಒಮ್ಮೆ ಊರಿಗೆ ಬಂದರೆ ಹೊಸ ವೀಸಾ ಇಲ್ಲದೆ ಮರಳುವಂತಿಲ್ಲ. ಕಷ್ಟವಿರುವುದು ಇಲ್ಲಿಯೇ. ಹೊಸ ವೀಸಾಕ್ಕಾಗಿ ಅಮೆರಿಕದ ಕಾನ್ಸುಲೇಟ್‌ನಲ್ಲಿ ನಡೆಯುವ ಸಂದರ್ಶನದ ದಿನಾಂಕ ಸಿಗುವುದು ನಮ್ಮ ಕೈಯಲ್ಲಿಲ್ಲ; ಸಿಕ್ಕಿ ಸಂದರ್ಶನ ಮುಗಿದರೂ, ಕೆಲವು ವಿಜ್ಞಾನ ಮತ್ತು ತಂತ್ರಜ್ಞಾನ ವಿಷಯಗಳ ಸಂಶೋಧಕರ ಅರ್ಜಿಗಳು ಹೆಚ್ಚುವರಿ ಪರಿಶೀಲನೆಗೆ ಒಳಗಾಗಿ ವಾರಗಟ್ಟಲೆ ನಿಲ್ಲುವುದುಂಟು. ಆದ್ದರಿಂದ ಮೊದಲು ಸಂದರ್ಶನದ ದಿನಾಂಕ, ಆಮೇಲೆ ವಿಮಾನದ ಟಿಕೆಟ್; ಛತ್ರ ಗೊತ್ತುಮಾಡುವಷ್ಟೇ ಮುಂಚಿತವಾಗಿ ಇದನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಹೊರಡುವ ಮುನ್ನ ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ನೀಡುವ ಅರ್ಹತಾ ಪತ್ರದ, ಎರಡನೆಯ ಪುಟದಲ್ಲಿ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಿಂದ ಪ್ರಯಾಣದ ಸಹಿ ಹಾಕಿಸಿಕೊಂಡಿರಬೇಕು. ಈ ಸಹಿ ಓದುತ್ತಿರುವವರಿಗೆ ಒಂದು ವರ್ಷ, ಪದವಿಯ ನಂತರದ ಒಪಿಟಿ ತರಬೇತಿಯಲ್ಲಿರುವವರಿಗೆ 6 ತಿಂಗಳು ಮಾನ್ಯವಾಗಿರುತ್ತದೆ. ಐ-20, ಪಾಸ್‌ಪೋರ್ಟ್, ವಿದ್ಯಾರ್ಥಿವೇತನದ ಪತ್ರ, ಅಂಕಪಟ್ಟಿ ಇವೆಲ್ಲವನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಲಿ. ಸರಕಿನ ಪೆಟ್ಟಿಗೆಯಲ್ಲಿ ಹಾಕಿದರೆ ವಲಸೆ ಅಧಿಕಾರಿಯ ಮುಂದೆ ಅವುಗಳಿಂದ ಪ್ರಯೋಜನವಾಗದು.

ಕೆನಡಾಕ್ಕೆ 30 ದಿನಗಳೊಳಗೆ ಹೋಗಿಬಂದರೆ ಹಳೆಯ ವೀಸಾದಲ್ಲೇ ಮರಳಬಹುದೆಂದು ಅವಳ ಸ್ನೇಹಿತರು ಹೇಳಿರಬಹುದು. ಅದು ಷರತ್ತುಗಳಿಗೆ ಒಳಪಟ್ಟು ನಿಜ. ಹಾಸನಕ್ಕೆ ಬರುವವರಿಗೆ ಆ ವಿನಾಯಿತಿ ಇಲ್ಲ.