12 ಲಕ್ಷ ಸಾಲ ಮಾಡಿ ಮಗನನ್ನು ಇಂಜಿನಿಯರಿಂಗ್‌ಗೆ ಸೇರಿಸಬಹುದೇ?

ಸರ್, ನೀವು ಕೇಳಿರೋದು ಇಷ್ಟು: ಪುಣೆಯಲ್ಲೇ ಮಗನಿಗೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೀಟು ಇದೆ, ನಾಲ್ಕು ವರ್ಷಕ್ಕೆ 12 ಲಕ್ಷ ಸಾಲ ಬೇಕು. ಸಿಇಟಿ ಅಂಕದ ಮೇಲೆ ಸರ್ಕಾರವೇ ಸೀಟು ಹಂಚುವ ಕ್ಯಾಪ್ ರೌಂಡ್‌ನಲ್ಲಿ ಸಿಗೋದು ಮೆಕ್ಯಾನಿಕಲ್, ವರ್ಷಕ್ಕೆ ಸುಮಾರು ಲಕ್ಷ ರೂಪಾಯಿ ಫೀ. ನೌಕರಿ ಸಿಕ್ಕ ಮೇಲೆ ಸಾಲ ಅವನೇ ತೀರಿಸ್ತಾನೆ, ಕಂಪ್ಯೂಟರ್‌ಗೇ ಸೇರಿಸಲೇ?

ನನ್ನನ್ನು ಕೇಳಿದರೆ ಬೇಡ. ಬ್ಯಾಂಕಿನವರು ನಿಮಗೆ ಹೇಳದ ಲೆಕ್ಕ ಮೊದಲು ನೋಡಿ. ಓದುವಾಗ ಮತ್ತು ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ನಿಜ. ಆದರೆ ಬಡ್ಡಿ ಮೊದಲ ಫೀ ಕಟ್ಟಿದ ದಿನದಿಂದಲೇ ಓಡುತ್ತೆ. ವರ್ಷಕ್ಕೆ 3 ಲಕ್ಷದಂತೆ ಎತ್ತಿ, ಬಡ್ಡಿ ಶೇ 10 ಹಿಡಿಯಿರಿ. ಮೊದಲ ವರ್ಷದ 3 ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಒಟ್ಟು 4.2 ಲಕ್ಷ. ಕಂತು ಶುರುವಾಗೋ ದಿನ ಸಾಲ 12 ಅಲ್ಲ, 16.2 ಲಕ್ಷ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ 21,400 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೂ 17,400.

ಇದರ ಪಕ್ಕದಲ್ಲಿ ಸಂಬಳ ಇಡಿ. ದೊಡ್ಡ ಐಟಿ ಕಂಪನಿಗಳು ಸಾವಿರಗಟ್ಟಲೆ ಹುಡುಗರನ್ನು ತಗೊಳ್ಳುವ ಪ್ಯಾಕೇಜ್ ವರ್ಷಗಳಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಆ ಪ್ಯಾಕೇಜ್‌ನೊಳಗೆ ಕಂಪನಿ ಕಟ್ಟುವ ಪಿಎಫ್, ಗ್ರಾಚುಯಿಟಿ ಎಲ್ಲಾ ಸೇರಿರುತ್ತೆ. ಅವನ ಪಾಲಿನ ಪಿಎಫ್ ಹೋಗಿ, ಮಹಾರಾಷ್ಟ್ರದ ಪ್ರೊಫೆಷನಲ್ ಟ್ಯಾಕ್ಸ್ 200 ರೂಪಾಯಿ ಹೋಗಿ ಕೈಗೆ 25 ಸಾವಿರ ಬಂದರೆ ಹೆಚ್ಚು. ಕೆಲಸ ಪುಣೆಯ ಐಟಿ ಪ್ರದೇಶ ಹಿಂಜವಡಿಯಲ್ಲೇ ಸಿಕ್ಕು ಅವನು ಮನೆಯಿಂದಲೇ ಓಡಾಡಿದರೆ ಹೇಗೋ ನಡೆದೀತು. ಬೇರೆ ಊರಿಗೆ ಹಾಕಿದರೆ ಬಾಡಿಗೆ, ಮೆಸ್ ಎಲ್ಲಿಂದ ಬರಬೇಕು? ಅಂಥ ಕಂಪನಿಗಳು ಮೆಕ್ಯಾನಿಕಲ್, ಸಿವಿಲ್ ಹುಡುಗರನ್ನೂ ತಗೊಳ್ಳುತ್ತವೆ, ಅದೇ ಸಂಬಳಕ್ಕೆ. ಎಂಟು ಲಕ್ಷ ಹೆಚ್ಚು ಕೊಟ್ಟು ಕಂಪ್ಯೂಟರ್ ಓದಿದವನೂ ಅದೇ ಸಾಲಿನಲ್ಲಿ ನಿಲ್ಲಬೇಕಾಗಬಹುದು.

ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ನಮ್ಮದು ಇಂಡಿ ತಾಲೂಕು. ಅಪ್ಪ ಪುಣೆ ಪಕ್ಕದ ಪಿಂಪ್ರಿಗೆ ಕೆಲಸಕ್ಕೆ ಬಂದವರು, ನಾನು ಬೆಳೆದದ್ದು ಕಾಳೇವಾಡಿಯಲ್ಲಿ. 2012ರಲ್ಲಿ ಮೆಕ್ಯಾನಿಕಲ್‌ಗೆ ಸೇರಿದೆ, 5 ಲಕ್ಷ ಸಾಲ, ಶೇ 12 ಬಡ್ಡಿ. 4 ಲಕ್ಷ ದಾಟಿದ್ದಕ್ಕೆ ಜಾಮೀನು ಬೇಕು ಅಂದರು. ಅಪ್ಪನ ಜತೆ ಲೇಥ್ ಮೇಲೆ ದುಡಿಯುತ್ತಿದ್ದ ಕಾಕಾ ಸಹಿ ಹಾಕಿದರು. ಓದು ಮುಗಿದು ಎಂಟು ತಿಂಗಳು ಮನೆಯಲ್ಲಿ ಕೂತ ಮೇಲೆ ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಕೈಗೆ 17 ಸಾವಿರ. 2017ರಲ್ಲಿ ಕಂತು ಶುರುವಾದಾಗ ಸಾಲ 7.1 ಲಕ್ಷ ಆಗಿತ್ತು, ಕಂತು 10 ಸಾವಿರದ ಮೇಲೆ. ಅಪ್ಪ ಪಾಸ್‌ಬುಕ್ಕನ್ನು ದೀಪದ ಹತ್ತಿರ ಹಿಡಿದು, "ನಾವ್ ತಗೊಂಡಿದ್ದು ಐದ್ ಅಲ್ಲೇನೋ?" ಅಂತ ಎರಡು ಸಲ ಕೇಳಿದರು.

ಮರುವರ್ಷ ಎರಡು ಕಂತು ತಪ್ಪಿದವು. ಬ್ಯಾಂಕಿನವರು ನನಗಲ್ಲ, ಕಾಕಾಗೆ ಫೋನ್ ಮಾಡಿದರು. ಆ ಭಾನುವಾರ ಅವರು ಮನೆಗೆ ಬಂದು ಚಹಾ ಕುಡಿದು, ಊರ ಮಳೆಯ ಮಾತಾಡಿ, ಎದ್ದು ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ತಮ್ಮಾ, ಆದಾಗ ಕಟ್ಟಪಾ, ನನ್ ಮಗಳ ಲಗ್ನ ಐತಿ" ಅಂದರು. ಬೈದಿದ್ದರೆ ಸಹಿಸಬಹುದಿತ್ತು.

ಕಾಲೇಜಿನವರು ನಿಮಗೆ ಅತಿ ಹೆಚ್ಚಿನ ಪ್ಯಾಕೇಜ್ ಪಡೆದ ಹುಡುಗನ ಫೋಟೋ ತೋರಿಸಿರುತ್ತಾರೆ. ಅದನ್ನು ಬಿಟ್ಟುಬಿಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್‌ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಕಾಲೇಜಾಗಿದ್ದರೆ, ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಮಧ್ಯಾಂಕ ಸಂಬಳ ಎಷ್ಟು ಅಂತ ಅದು ಬರೆದು ಕೊಟ್ಟಿರುತ್ತೆ. ಕಾಲೇಜಿನ ವೆಬ್‌ಸೈಟ್‌ನಲ್ಲೇ ಹುಡುಕಿ. ಮಧ್ಯಾಂಕ ಅಂದರೆ ಕೆಲಸ ಸಿಕ್ಕವರಲ್ಲಿ ಅರ್ಧ ಜನ ಅದಕ್ಕಿಂತ ಕಡಿಮೆಗೆ ಸೇರಿದ್ದಾರೆ ಅಂತ. ಕೆಲಸವೇ ಸಿಗದವರು ಆ ಲೆಕ್ಕದಲ್ಲಿ ಬರೋದೇ ಇಲ್ಲ. ಕಂತು ಆ ಸಂಬಳದ ಕಾಲು ಭಾಗ ದಾಟಬಾರದು ಅನ್ನೋದು ನಾನು ಪೆಟ್ಟು ತಿಂದು ಕಲಿತ ಅಳತೆ.

ಕ್ಯಾಪ್ ಸೀಟಿಗೆ 4 ಲಕ್ಷ ಸಾಲ ಮಾಡಿದರೆ ಇದೇ ಲೆಕ್ಕದಲ್ಲಿ ಕಂತು 7,100ರ ಹತ್ತಿರ ಬರುತ್ತೆ. ಅದನ್ನೂ ಇಳಿಸಬಹುದು. ನೀವು ಸಾಮಾನ್ಯ ವರ್ಗದವರಾಗಿದ್ದು, ನಿಮಗೆ ಮಹಾರಾಷ್ಟ್ರದ ಡೊಮಿಸೈಲ್ (ಕಾಯಂ ನಿವಾಸಿ ದಾಖಲೆ) ಇದ್ದು, ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದರೆ ರಾಜರ್ಷಿ ಶಾಹೂ ಮಹಾರಾಜ ಯೋಜನೆಯಲ್ಲಿ ಬೋಧನಾ ಶುಲ್ಕದ ಅರ್ಧ ಸರ್ಕಾರ ಕೊಡುತ್ತೆ. ಮಹಾಡಿಬಿಟಿ ಅನ್ನೋ ರಾಜ್ಯ ಸರ್ಕಾರದ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬೇಕು. ಮ್ಯಾನೇಜ್‌ಮೆಂಟ್ ಸೀಟಿಗೆ ಅದು ಸಿಗೋದಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ ಅಂತ ಯಾರಾದರೂ ಆಸೆ ತೋರಿಸಿದರೆ ಮರುಳಾಗಬೇಡಿ; ಮೂರೂವರೆ ಲಕ್ಷ ಸಂಬಳದವನಿಗೆ ತೆರಿಗೆಯೇ ಬೀಳೋದಿಲ್ಲ.

ಮಗ ಕಂಪ್ಯೂಟರ್ ಬಿಟ್ಟು ಬೇರೇನೂ ಓದೋದಿಲ್ಲ ಅಂತ ಕೂತರೆ, ಬಡ್ಡಿಯನ್ನಾದರೂ ತಿಂಗಳು ತಿಂಗಳು ನೀವೇ ಕಟ್ಟಿ: ಮೊದಲ ವರ್ಷ 2,500, ಆಮೇಲೆ 5,000, 7,500, ಕೊನೆಗೆ 10,000. ಇದು ನಿಮ್ಮ ಕೈಲಾದರೆ ಅವನ ಕಂತು 15,900ಕ್ಕೆ ಇಳಿಯುತ್ತೆ. ಕೈಲಾಗದಿದ್ದರೆ ಆ ಸೀಟು ಬೇಡವೇ ಬೇಡ. ಶಾಹೂ ಯೋಜನೆಗೆ ಬೇಕಾಗುವ ತಹಶೀಲ್ದಾರ ಕಚೇರಿಯ ವರಮಾನದ ದಾಖಲೆ ಇನ್ನೂ ಮಾಡಿಸಿಲ್ಲವಾದರೆ, ಕಾಲೇಜುಗಳ ಓಡಾಟ ನಿಲ್ಲಿಸಿ ಈ ವಾರವೇ ಅದಕ್ಕೆ ಹೋಗಿ. ಕ್ಯಾಪ್ ಅಡ್ಮಿಶನ್ ಹೊತ್ತಿಗೆ ಅಲ್ಲಿ ದೊಡ್ಡ ಸಾಲು ಇರುತ್ತೆ.