ಸಾಫ್ಟ್‌ವೇರ್ ಪಟ್ಟಿ ಪಠ್ಯಕ್ರಮವಲ್ಲ

ಪ್ರಶ್ನೆ: ನಮ್ಮ ಸ್ನಾತಕೋತ್ತರ ವಿಭಾಗದಲ್ಲಿ ಸ್ಪೇಷಿಯಲ್ ಡೇಟಾ ಸೈನ್ಸ್ (ಸ್ಥಳಕ್ಕೆ ಸಂಬಂಧಿಸಿದ ದತ್ತಾಂಶದ ವಿಶ್ಲೇಷಣೆ) ಬಗ್ಗೆ ಒಂದು ಸೆಮಿಸ್ಟರಿನ ಪ್ರಾಯೋಗಿಕ ಕೋರ್ಸ್ ರೂಪಿಸಬೇಕಾಗಿದೆ. ನಕ್ಷೆ ತಯಾರಿಸುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಿಂದ ಆರಂಭಿಸಬೇಕೋ, ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಿಂದಲೋ?

ಉತ್ತರ: ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಪಠ್ಯಕ್ರಮವೆಂದರೆ ಸಾಫ್ಟ್‌ವೇರುಗಳ ಪಟ್ಟಿಯೆಂದು ಕೇಳುವವರು ಮೊದಲೇ ತೀರ್ಮಾನಿಸಿರುತ್ತಾರೆ. ಎರಡರಲ್ಲಿ ಯಾವುದಾದರೂ ಆದೀತು. ವಿದ್ಯಾರ್ಥಿಯ ಕೈಗೆ ಮೊದಲು ಕೊಡಬೇಕಾದುದು ಯಾರೂ ಸರಿಪಡಿಸಿಡದ ದತ್ತಾಂಶ.

ಮೊದಲ ವಾರವೇ ಕೋಲಾರ ಜಿಲ್ಲೆಯ ಕೆರೆಗಳ ವಿಸ್ತೀರ್ಣವನ್ನು ಅಳೆಯಲು ಹೇಳಿ. ಅಕ್ಷಾಂಶ, ರೇಖಾಂಶಗಳನ್ನು ಹಾಗೆಯೇ ಲೆಕ್ಕಕ್ಕೆ ಹಾಕಿದವರಿಗೆ ಅರ್ಥವಿಲ್ಲದ ಚದರ ಡಿಗ್ರಿಗಳು ಸಿಗುತ್ತವೆ. ಪ್ರಕ್ಷೇಪಣವೆಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ; ಅಂತರ್ಜಾಲದ ನಕ್ಷೆಗಳಲ್ಲಿ ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪಣದಲ್ಲಿ ಅಳೆದವರ ಕೆರೆಗಳು ಸುಮಾರು ಶೇ 6ರಷ್ಟು ಹಿಗ್ಗಿರುತ್ತವೆ. ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ವಿಂಗಡಿಸುವ ಯುಟಿಎಂ ಪ್ರಕ್ಷೇಪಣ ಆರಿಸಿಕೊಂಡವರು, ಎರಡು ವಲಯಗಳ ಗಡಿಯಾದ 78 ಡಿಗ್ರಿ ಪೂರ್ವ ರೇಖಾಂಶ ಆ ಜಿಲ್ಲೆಯ ಮೇಲೆಯೇ ಹಾದುಹೋಗುವುದರಿಂದ, 43ನೇ ವಲಯವೋ 44ನೆಯದೋ ಎಂದು ತಾವೇ ನಿರ್ಧರಿಸಿ ಕಾರಣ ಬರೆಯಬೇಕಾಗುತ್ತದೆ. ಪ್ರಕ್ಷೇಪಣದ ಮೇಲೆ ನಾಲ್ಕು ಉಪನ್ಯಾಸ ಕೊಟ್ಟರೂ ಮನಸ್ಸಿಗೆ ಇಳಿಯದ ವಿಷಯ ಇಲ್ಲಿ ಒಂದೇ ಮಧ್ಯಾಹ್ನದಲ್ಲಿ ಇಳಿಯುತ್ತದೆ.

ಬಳಿಕ ಬೆಂಗಳೂರಿನ ವಾರ್ಡುಗಳಿಗೆ ಬನ್ನಿ. 2011ರ ಜನಗಣತಿಯ ಅಂಕಿಗಳಿರುವುದು 198 ವಾರ್ಡುಗಳಿಗೆ. 2023ರ ಮರುವಿಂಗಡಣೆಯಲ್ಲಿ ಅವು 225 ಆದವು. ಹಳೆಯ ಅಂಕಿಗಳನ್ನು ಹೊಸ ಗಡಿಗಳಿಗೆ ಹಂಚುವಾಗ ಜನಸಂಖ್ಯೆಯನ್ನು ವಿಸ್ತೀರ್ಣದ ಪ್ರಮಾಣದಲ್ಲಿ ಹಂಚಿದರೆ ಕೆರೆ, ಉದ್ಯಾನಗಳಲ್ಲಿಯೂ ಜನ ವಾಸಿಸತೊಡಗುತ್ತಾರೆ. ಅದನ್ನು ತಪ್ಪಿಸುವ ಬಗೆಯನ್ನು ವಿದ್ಯಾರ್ಥಿಗಳೇ ಹುಡುಕಲಿ, ನೀವು ಹೇಳಿಕೊಡಬೇಡಿ.

ದತ್ತಾಂಶದಿಂದ ಕಲಿತು ಅಂದಾಜಿಸುವ ಗಣಕ ಮಾದರಿಗಳ ನಿಖರತೆಯ ವಿಷಯದಲ್ಲಂತೂ ನಾನು ರಾಜಿಯಾಗುವುದಿಲ್ಲ. ಹತ್ತಿರದ ವಸ್ತುಗಳು ದೂರದವುಗಳಿಗಿಂತ ಹೆಚ್ಚು ಸಂಬಂಧ ಹೊಂದಿರುತ್ತವೆ ಎಂದು ಭೂಗೋಳಶಾಸ್ತ್ರಜ್ಞ ವಾಲ್ಡೊ ಟೋಬ್ಲರ್ 1970ರಲ್ಲೇ ಬರೆದಿದ್ದರೂ, ಕೊಳವೆಬಾವಿಗಳ ಅಂತರ್ಜಲ ಮಟ್ಟದ ದತ್ತಾಂಶವನ್ನು ಚೀಟಿ ಎತ್ತಿದಂತೆ ಮಾದರಿಯ ತರಬೇತಿಗೂ ಪರೀಕ್ಷೆಗೂ ಹಂಚಿ, ಶೇ 95 ನಿಖರತೆ ಬಂತೆಂದು ತೋರಿಸುವ ಪ್ರಾಜೆಕ್ಟುಗಳು ಇಂದಿಗೂ ಬರುತ್ತಿವೆ. ಪಕ್ಕದ ಬಾವಿಯ ಉತ್ತರವನ್ನು ನೋಡಿ ಬರೆದ ಪರೀಕ್ಷೆಯದು. ಒಂದಿಡೀ ತಾಲ್ಲೂಕನ್ನು ತರಬೇತಿಯಿಂದ ಹೊರಗಿಟ್ಟು ಪರೀಕ್ಷಿಸದ ವರದಿಗೆ ನಾನು ತೇರ್ಗಡೆಯ ಅಂಕ ಕೊಡುವುದಿಲ್ಲ. ಒಟ್ಟು ಅಂಕಗಳಲ್ಲಿ ಅರ್ಧದಷ್ಟನ್ನು ನಕ್ಷೆಯ ಅಂದಕ್ಕಲ್ಲ, ಕೈಗೊಂಡ ನಿರ್ಧಾರಗಳ ಲಿಖಿತ ಸಮರ್ಥನೆಗೆ ಮೀಸಲಿಡಿ.

ಪ್ರಶ್ನೆ: ದುಬಾರಿ ಪರವಾನಗಿಯ ಸಾಫ್ಟ್‌ವೇರ್ ಇಲ್ಲದೆ ಪ್ರಯೋಗಾಲಯ ನಡೆದೀತೇ?

ಉತ್ತರ: ನಡೆಯುತ್ತದೆ. ಕ್ಯೂಜಿಐಎಸ್, ಸ್ಥಳದ ದತ್ತಾಂಶ ಕೂಡಿಡುವ ಪೋಸ್ಟ್‌ಜಿಐಎಸ್, ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ ಆರ್ ಎಲ್ಲವೂ ಉಚಿತ. ನೆಲದ 10 ಮೀಟರ್ ಚೌಕ ಒಂದು ಚುಕ್ಕೆಯಾಗಿ ಕಾಣುವ, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಉಚಿತ.

ಪ್ರಶ್ನೆ: ಮೂರು ದಿನಗಳಲ್ಲಿ ‘ಜಿಯೋ ಎಐ ಪರಿಣತ’ (ಭೌಗೋಳಿಕ ದತ್ತಾಂಶಕ್ಕೆ ಕೃತಕ ಬುದ್ಧಿಮತ್ತೆ ಬಳಸುವ ಪರಿಣತ) ಎಂಬ ಪ್ರಮಾಣಪತ್ರ ಕೊಡುವ ಕಾರ್ಯಾಗಾರಕ್ಕೆ ವಿದ್ಯಾರ್ಥಿಗಳನ್ನು ಕಳುಹಿಸಬಹುದೇ?

ಉತ್ತರ: ಬೇಡ. ಆ ಹಣದಲ್ಲಿ ಅವರನ್ನು ಬಸ್ಸಿನಲ್ಲಿ ಕೋಲಾರಕ್ಕೆ ಕರೆದೊಯ್ದು, ಅಳೆದ ಕೆರೆಗಳ ದಂಡೆಯ ಮೇಲೆ ನಡೆಸಿ.